ಎಡಗಡೆಯ ಹಿಡಿಕೆಯನ್ನು ವಾಪಸ್ ಹಾಕಿಸಿ

ಅಂಕೋಲೆಯ ‘ಮಾಡಿ ನೋಡು’ ವಿಜ್ಞಾನ ಲೋಕದ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ವಿಜ್ಞಾನ ಲೋಕದ ಎರಡನೆಯ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಮರಳಿನ ಗುಡ್ಡವಿದೆ. ಅದಕ್ಕೆ ಎರಡು ಹಿಡಿಕೆಗಳಿದ್ದವು. ಎಡಗಡೆಯದನ್ನು ನೀವು ತೆಗೆಸಿ, ಆ ತೂತಿಗೆ ತಗಡು ಹೊಡೆಸಿ, ಬಣ್ಣ ಬಳಿಸಿದ್ದೀರಿ. ಅದನ್ನು ವಾಪಸ್ ಹಾಕಿಸಿ ಎಂದು ಕೇಳುವುದಕ್ಕೆ ಈ ಪತ್ರ. ಒಂದು ಹಿಡಿಕೆಗಾಗಿ ಊರೆಲ್ಲ ಓದುವ ಹಾಗೆ ಪತ್ರಿಕೆಯಲ್ಲಿ ಬರೆಯಬೇಕೇ, ಕಚೇರಿಗೆ ಬಂದು ಕೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ನಿಮಗೆ ಅನ್ನಿಸಬಹುದು. ಬಂದಿದ್ದೆ. ಅಲ್ಲಿ ಸಿಕ್ಕ ಉತ್ತರವೇ ನನ್ನನ್ನು ಇಲ್ಲಿಗೆ ತಂದಿದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವ ನಡುವಯಸ್ಸಿನ ಮನುಷ್ಯ. ಮೋಜಿನ ಜಾಗಗಳು ನನಗೆ ಹಿಡಿಸುವುದಿಲ್ಲ. ಹೋಗಲೇಬೇಕಾಗಿ ಬಂದರೆ ಅಲ್ಲಿನ ಫಲಕಗಳನ್ನು ಓದುತ್ತ ನಿಲ್ಲುತ್ತೇನೆ. ಮನುಷ್ಯರ ಮುಖ ನೋಡುವುದಕ್ಕಿಂತ ಅದು ಸುಲಭ. ನಿಮ್ಮ ಬಾಗಿಲಿನ ಮೇಲಿನ ಫಲಕ ನನಗೆ ಇಷ್ಟವಾಗಿತ್ತು: ‘ಇಲ್ಲಿ ಮುಟ್ಟುವುದಕ್ಕೆ ಅಡ್ಡಿಯಿಲ್ಲ. ಯಾರ ಮಾತನ್ನೂ ನಂಬಬೇಡಿ. ಮಾಡಿ ನೋಡಿ.’ ಸರಕಾರದ ಹಣದಲ್ಲಿ ಕಟ್ಟಿದ ಕಟ್ಟಡವೊಂದು ಹೀಗೆ ಮಾತಾಡುವುದನ್ನು ನಾನು ಮೊದಲು ಕಂಡಿರಲಿಲ್ಲ. ಅಷ್ಟು ಧೈರ್ಯದ ವಾಕ್ಯವನ್ನು ಯಾರೂ ಓದದೆ ಮಂಜೂರು ಮಾಡಿರಬೇಕು ಎಂದು ಆಗಲೇ ಅನುಮಾನಪಡಬೇಕಿತ್ತು.

ನಾವು ಬಂದದ್ದು ಯಾಕೆಂದು ಹೇಳಬೇಕು. ಕಳೆದ ಮಳೆಗಾಲದಲ್ಲಿ ನನ್ನ ತಂಗಿ ಲತಾಳ ಗಂಡ ಕಿಶೋರ ತೀರಿಹೋದ. ಕಾರವಾರದಿಂದ ಟೆಂಪೊದಲ್ಲಿ ಒಣಮೀನು ತುಂಬಿಕೊಂಡು ಘಟ್ಟ ಹತ್ತಿ ಯಲ್ಲಾಪುರದ ಸಂತೆಗೆ ಹೋಗುವುದು ಅವನ ಕೆಲಸವಾಗಿತ್ತು. ಬೋಟುಗಳೆಲ್ಲ ದಡಕ್ಕೆ ಕಟ್ಟಿಕೊಂಡಿರುವ ಮಳೆಗಾಲದಲ್ಲೇ ಆ ವ್ಯಾಪಾರ ಜೋರು. ಅಂದು ಮಾರಿ ಮುಗಿಸಿ, ವಾಪಸ್ ದಾರಿಯ ಸುಂಕಸಾಳದಲ್ಲಿ ಚಾ ಕುಡಿದು ಬರುತ್ತೇನೆ ಎಂದು ಫೋನು ಮಾಡಿದ್ದ. ಸುಂಕಸಾಳ ಮುಟ್ಟುವ ಮೊದಲೇ, ರಸ್ತೆ ಅಗಲ ಮಾಡಲೆಂದು ಬುಡ ಕಡಿದು ಗೋಡೆಯ ಹಾಗೆ ನೆಟ್ಟಗೆ ಬಿಟ್ಟಿದ್ದ ಗುಡ್ಡವೊಂದು ಟೆಂಪೊದ ಮೇಲೆ ಕೂತುಬಿಟ್ಟಿತು. ಕಾಗದಗಳಲ್ಲಿ ಅದಕ್ಕೆ ನೈಸರ್ಗಿಕ ವಿಕೋಪ ಎಂದು ಹೆಸರು. ಮಣ್ಣು ತೆಗೆಯುವ ಯಂತ್ರ ಬರುವ ಮೊದಲೇ ಆ ಹೆಸರು ಬಂದಿತ್ತು.

ಲತಾ ಮತ್ತು ಅವಳ ಮಗಳು ಪ್ರೇಕ್ಷಾ ಆಮೇಲೆ ಬಿಣಗಾದ ನಮ್ಮ ಮನೆಗೆ ಬಂದರು. ಪ್ರೇಕ್ಷಾ ಐದನೆಯ ತರಗತಿ. ಅತ್ತದ್ದು ಕಡಿಮೆ. ಒಂದೇ ಬದಲಾವಣೆ ಎಂದರೆ, ಬಸ್ಸು ಹತ್ತಿದರೆ ಗುಡ್ಡದ ಬದಿಯ ಸೀಟಿನಲ್ಲಿ ಕೂರುತ್ತಿರಲಿಲ್ಲ. ಕಡಲ ಬದಿಯಲ್ಲಿ ಜಾಗವಿಲ್ಲದಿದ್ದರೆ ನಿಂತೇ ಬರುವಳು. ಭಯ ಎಂದು ನಾವು ತಿಳಿದೆವು. ಮಕ್ಕಳ ಮನಸ್ಸಿನಲ್ಲಿ ಇರುವುದಕ್ಕೆಲ್ಲ ದೊಡ್ಡವರು ಭಯ ಎಂದೇ ಹೆಸರಿಡುತ್ತಾರೆ. ಅದೂ ಒಂದು ಬಗೆಯ ಕಚೇರಿ ಕೆಲಸ.

ದೀಪಾವಳಿ ರಜೆಯಲ್ಲಿ ನಿಮ್ಮಲ್ಲಿಗೆ ಬಂದೆವು. ಮೊದಲ ಕೋಣೆಯ ಡೊಂಕು ಕನ್ನಡಿಯಲ್ಲಿ ನಾನು ಕಡ್ಡಿಯಷ್ಟು ತೆಳ್ಳಗೆ, ಉದ್ದಕ್ಕೆ ಕಂಡೆ. ಲತಾ ಎಷ್ಟೋ ಕಾಲದ ಮೇಲೆ ನಕ್ಕಳು.

“ಅಣ್ಣಾ, ಇದ್ರಲ್ಲಿ ನೀ ಒಣಗ್ಸಿದ ಬಂಗಡೆ ಹಂಗೇ ಕಾಣ್ತೆ. ಉಪ್ಪು ಒಂದು ಕಮ್ಮಿ.”

“ಉಪ್ಪು ಹಾಕೂಕೆ ನೀ ಇದ್ಯಲ್ಲೇ,” ಎಂದೆ. ಕನ್ನಡಿಯಲ್ಲಿದ್ದ ಆ ತೆಳ್ಳಗಿನ ಮನುಷ್ಯ ನನಗೆ ಅಪರಿಚಿತ ಅನ್ನಿಸಲಿಲ್ಲ ಎಂಬುದನ್ನು ಅವಳಿಗೆ ಹೇಳಲಿಲ್ಲ.

ಆಗಲೇ ಪ್ರೇಕ್ಷಾ ಎರಡನೆಯ ಕೋಣೆಗೆ ಹೋಗಿ ಆ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಫಲಕ ಓದಿದೆ: ‘ಗುಡ್ಡ ಯಾವಾಗ ಬೀಳುತ್ತದೆ? ಮಾಡಿ ನೋಡಿ.’ ಒದ್ದೆ ಮರಳಿನ ಗುಡ್ಡ, ಅದರ ಕೆಳಗೆ ಸಣ್ಣ ರಸ್ತೆ, ರಸ್ತೆಯ ಮೇಲೆ ಬೆರಳುದ್ದದ ಲಾರಿ. ಬಲಗಡೆಯ ಹಿಡಿಕೆ ತಿರುಗಿಸಿದರೆ ಮೇಲಿನ ತೂತುಗಳಿಂದ ಮಳೆ. ಎಡಗಡೆಯ ಹಿಡಿಕೆ ಎಳೆದರೆ ಗುಡ್ಡದ ಬುಡದ ಒಂದು ತುಂಡು ಹೊರಗೆ ಬಂದು, ರಸ್ತೆ ಅಗಲವಾಗುತ್ತದೆ. ಲತಾಳನ್ನು ಅಲ್ಲಿಂದ ಆಚೆ ಕರೆದುಕೊಂಡು ಹೋಗಬೇಕೆಂದು ತಿರುಗಿದೆ. ಅವಳು ಆಗಲೇ ಫಲಕ ಓದಿಯಾಗಿತ್ತು. “ಇರ್ಲಿ ಅಣ್ಣಾ, ಮಾಡ್ಲಿ,” ಎಂದಳು.

ಪ್ರೇಕ್ಷಾ ಮೊದಲು ಮಳೆ ಮಾತ್ರ ಬಿಟ್ಟಳು. ನೀರು ಇಳಿದು ಹರಿದುಹೋಯಿತು, ಗುಡ್ಡ ನಿಂತಿತ್ತು. ಇನ್ನಷ್ಟು ಬಿಟ್ಟಳು. ಅಲ್ಲಲ್ಲಿ ಸ್ವಲ್ಪ ಮರಳು ಜಾರಿತು, ಅಷ್ಟೇ. ಆಮೇಲೆ, ಅಲ್ಲಿ ನಿಲ್ಲುವ ನಿಮ್ಮ ಸಿಬ್ಬಂದಿಯೊಬ್ಬರಿಂದ ಅಚ್ಚು ಒತ್ತಿಸಿ ಹೊಸ ಗುಡ್ಡ ಮಾಡಿಸಿಕೊಂಡು, ಮಳೆಯಿಲ್ಲದೆ ಬುಡ ಮಾತ್ರ ಎಳೆದಳು. ಆಗಲೂ ನಿಂತಿತ್ತು, ಒಂದಿಷ್ಟು ಬಿರುಕು ಬಿಟ್ಟುಕೊಂಡು. ಮತ್ತೆ ಅಚ್ಚು. ಈ ಸಲ ಬುಡವನ್ನೂ ಎಳೆದು ಮಳೆಯನ್ನೂ ಬಿಟ್ಟಳು. ಇಡೀ ಗುಡ್ಡ ಒಮ್ಮೆಲೇ ಕುಸಿದು ಲಾರಿ ಕಾಣದಾಯಿತು.

ಹಿಂದೆ ಮಾಜಾಳಿಯ ಒಂದು ಕುಟುಂಬ ಕಾಯುತ್ತಿತ್ತು. ಆ ಮನೆಯ ಹೆಂಗಸು, “ಆಯ್ತಲ್ಲೇ ಹುಡ್ಗಿ, ಬಿತ್ತಲ್ಲ! ನಮ್ಗೂ ಒಂದ್ ಗುಡ್ಡ ಬಿಡು,” ಎಂದು ನಕ್ಕರು. ಅವರಿಗೇನು ಗೊತ್ತು? ಪ್ರೇಕ್ಷಾ ಹಿಡಿಕೆ ಬಿಡಲಿಲ್ಲ.

“ಇನ್ನೊಂದೇ ಸಲ, ಅಕ್ಕಾ,” ಎಂದಳು. ಮರಳಿನೊಳಗಿಂದ ಲಾರಿಯನ್ನು ತೆಗೆದು, ತೊಳೆದು, ಪೆಟ್ಟಿಗೆಯ ಹೊರಗೆ ಇಟ್ಟಳು. ಖಾಲಿ ರಸ್ತೆಯ ಮೇಲೆ ಗುಡ್ಡ ಮತ್ತೆ ಬಿತ್ತು.

“ಲಾರಿ ಇಲ್ದೆ ಇದ್ರೂ ಬಿತ್ತಲಾ ಮಾಮಾ.”

“ಹೌದು.”

“ಹಂಗಾರೆ ಬೇರೆ ಯಾರ ಅಪ್ಪ ಬಂದಿದ್ರೂ ಬೀಳ್ತಿತ್ತು.”

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಆಮೇಲೆ ಅವಳು ಹೇಳಿದ್ದು ಇದು. ತೀರಿಹೋದ ದಿನ ಕಿಶೋರ ಸಂತೆಯಲ್ಲಿ ಅವಳಿಗೆ ನೀಲಿ ರೇನ್‌ಕೋಟ್ ಕೊಂಡಿದ್ದ. ಅವಳು ಫೋನಿನಲ್ಲಿ ಹಠ ಮಾಡಿದ್ದಳು: ಹಳದಿಯೇ ಬೇಕು. ಅವನು ಟೆಂಪೊ ತಿರುಗಿಸಿ ಸಂತೆಗೆ ವಾಪಸ್ ಹೋಗಿ ಬದಲಾಯಿಸಿಕೊಂಡು ಮತ್ತೆ ಹೊರಟ. ಅಷ್ಟು ತಡವಾಗದಿದ್ದರೆ ಗುಡ್ಡ ಬೀಳುವ ಹೊತ್ತಿಗೆ ಅವನು ಅಂಕೋಲೆಯಲ್ಲಿರುತ್ತಿದ್ದ. ಈ ಲೆಕ್ಕವನ್ನು ಹತ್ತು ವರ್ಷದ ಹುಡುಗಿ ಒಬ್ಬಳೇ ಮಾಡಿಕೊಂಡು, ಯಾರಿಗೂ ಹೇಳದೆ, ಅಷ್ಟು ದಿನ ಅದರ ಜೊತೆ ಶಾಲೆಗೆ ಹೋಗಿ ಬರುತ್ತಿದ್ದಳು. ಮಣ್ಣಿನೊಳಗಿಂದ ಹೊರತೆಗೆದ ಸಾಮಾನಿನಲ್ಲಿ ಹಳದಿ ರೇನ್‌ಕೋಟೂ ಇತ್ತು. ಅವಳು ಅದನ್ನು ಯಾಕೆ ಮುಟ್ಟುವುದಿಲ್ಲ ಎಂದು ನಮಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಲತಾ ಮಗಳನ್ನು ತಬ್ಬಿಕೊಳ್ಳಲಿಲ್ಲ. ನಮ್ಮ ಮನೆತನದಲ್ಲಿ ಅದು ಕಡಿಮೆ. “ಹುಚ್ಚಿ,” ಎಂದಳು, “ನಿನ್ ಅಪ್ಪ ಯಾವತ್ತು ಹೊತ್ತಿಗೆ ಸರಿ ಬಂದಾನೆ ಹೇಳೆ? ಮದ್ವಿಗೇ ತಡ ಮಾಡಿ ಬಂದಂವ.” ಇಬ್ಬರೂ ಒಟ್ಟಿಗೆ ಅತ್ತರು. ಬಸ್ಸು ಬಂದಾಗ ಪ್ರೇಕ್ಷಾ ನಮಗಿಂತ ಮೊದಲು ಹತ್ತಿ, ಗುಡ್ಡದ ಬದಿಯ ಕಿಟಕಿಗೆ ಕೂತಳು. ಬಿಣಗಾ ಬರುವವರೆಗೂ ಹೊರಗೆ ನೋಡುತ್ತಲೇ ಇದ್ದಳು. ಕಡಿದ ಗುಡ್ಡ ಕಂಡಲ್ಲೆಲ್ಲ, “ಇದೂ ಬುಡ ಎಳದದ್ದು,” ಎಂದು ತೋರಿಸುತ್ತಿದ್ದಳು.

ಮಾನ್ಯರೇ, ಅಂದು ನಿಮಗೆ ಪತ್ರ ಬರೆದಿದ್ದರೆ ಅದು ಧನ್ಯವಾದದ ಪತ್ರವಾಗುತ್ತಿತ್ತು. ಒಳ್ಳೆಯದಕ್ಕೆ ಬರೆಯುವ ಅಭ್ಯಾಸ ನಮ್ಮಲ್ಲಿ ಇಲ್ಲ.

ಪ್ರೇಕ್ಷಾ ತಾನು ಕಂಡದ್ದನ್ನು ಶಾಲೆಯಲ್ಲಿ ಹೇಳಿದಳು. ಅವಳ ಗೆಳತಿ ರಕ್ಷಿತಾ ಒಪ್ಪಲಿಲ್ಲ. ಮಳೆ ಜಾಸ್ತಿಯಾಗಿ ಬಿದ್ದದ್ದು, ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ ಎಂದಳಂತೆ. ಇಬ್ಬರೂ ಮಾತು ಬಿಟ್ಟರು. ಕೊನೆಗೆ ಪ್ರೇಕ್ಷಾಳೇ ದಾರಿ ಕಂಡುಕೊಂಡಳು: ‘ನೀನೇ ಬಂದು ಮಾಡಿ ನೋಡು.’ ನಿಮ್ಮ ಬಾಗಿಲಿನ ಮೇಲಿನ ಮಾತನ್ನು ಅವಳಷ್ಟು ನಂಬಿದವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿರಲಾರರು. ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಇಬ್ಬರನ್ನೂ ಕರೆದುಕೊಂಡು ಬಂದೆ.

ಪೆಟ್ಟಿಗೆ ಅಲ್ಲೇ ಇತ್ತು. ಫಲಕ ಬೇರೆ: ‘ಪ್ರಕೃತಿಯ ಮುನಿಸು. ಗುಂಡಿ ಒತ್ತಿ.’ ಎಡಗಡೆಯ ಹಿಡಿಕೆ ಇರಲಿಲ್ಲ. ಬಲಗಡೆಯ ಹಿಡಿಕೆಯ ಜಾಗದಲ್ಲಿ ಹಸಿರು ಗುಂಡಿ. ಅಚ್ಚನ್ನೂ ಬದಲಾಯಿಸಲಾಗಿತ್ತು, ಗುಡ್ಡ ಈಗ ಹುಟ್ಟುವಾಗಲೇ ಬುಡ ಕಡಿಸಿಕೊಂಡು ಹುಟ್ಟುತ್ತದೆ. ರಕ್ಷಿತಾ ಗುಂಡಿ ಒತ್ತಿದಳು. ಮಳೆ ಬಂತು. ಗುಡ್ಡ ಬಿತ್ತು.

“ನೋಡ್ದ್ಯಾ? ಮಳೆಗೇ ಬಿತ್ತು,” ಎಂದಳು ರಕ್ಷಿತಾ. ಅವಳದೇನೂ ತಪ್ಪಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳಿದಳು.

ಪ್ರೇಕ್ಷಾ ತಗಡಿನ ಮೇಲೆ ಬೆರಳಾಡಿಸಿ ಹುಡುಕುತ್ತಿದ್ದಳು. “ಇಲ್ಲೇ ಇತ್ತು. ಮಾಮಾ, ಹೇಳು, ಇಲ್ಲೇ ಇತ್ತಲ್ದಾ?” ಇತ್ತು ಎಂದೆ. ರಕ್ಷಿತಾ ನನ್ನ ಮುಖ ನೋಡಿದಳು; ಗೆಳತಿಯ ಮಾಮ ಗೆಳತಿಯ ಪರ ಹೇಳದೆ ಇನ್ನೇನು ಹೇಳುತ್ತಾನೆ? ಅಲ್ಲಿ ನಿಲ್ಲುವ ಸಿಬ್ಬಂದಿಯನ್ನು ಕೇಳಿದೆ. ಅವರ ಹೆಸರು ಬರೆಯುವುದಿಲ್ಲ. ದಯವಿಟ್ಟು ಹುಡುಕಲೂ ಬೇಡಿ. “ಯಾರೋ ದೊಡ್ಡವ್ರು ಬಂದಿದ್ರು, ಸಾಹೇಬ್ರೇ. ಕನ್ನಡಿ ನೋಡಿ ಸಾಕಷ್ಟು ನಕ್ಕರು. ಇಲ್ಲಿಗೆ ಬಂದು ಹಿಡಿಕೆ ಎಳದ್ರು, ನಗೂದು ನಿಂತ್ತು. ಮರು ವಾರ ವೆಲ್ಡಿಂಗಿನಂವ ಬಂದ,” ಎಂದು ಹೇಳಿ, ಅವರು ಮರಳು ಸರಿ ಮಾಡತೊಡಗಿದರು.

ವಾಪಸ್ ಬರುವಾಗ ಪ್ರೇಕ್ಷಾ ಕಡಲ ಬದಿಗೆ ಕೂತಳು. ಬಿಣಗಾ ಹತ್ತಿರ ಬಂದಾಗ ಕೇಳಿದಳು: “ಅವತ್ತು ನಾನೇ ತಪ್ಪು ನೋಡಿದ್ನಾ ಮಾಮಾ?”

ಮರುದಿನ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಪರವಾಗಿ ಮಾತಾಡಿದವರು ಸಭ್ಯರು, ಚಾ ಕೂಡ ತರಿಸಿದರು. ಎರಡು ಹಿಡಿಕೆಗಳಿಂದ ಮಕ್ಕಳಿಗೆ ಗೊಂದಲವಾಗುತ್ತಿತ್ತು ಎಂದರು. ಜೊತೆಗೆ, ಸಂತ್ರಸ್ತ ಕುಟುಂಬಗಳ ಭಾವನೆಗಳಿಗೆ ನೋವಾಗಬಾರದು ಎಂಬ ಕಾಳಜಿಯೂ ಇದೆ ಎಂದರು.

ಮಾನ್ಯರೇ, ಸಂತ್ರಸ್ತ ಕುಟುಂಬ ಎಂದರೆ ನಾವು. ನಮ್ಮ ಭಾವನೆಯನ್ನು ನಮ್ಮಲ್ಲಿ ಕೇಳದೆ ನೀವು ಯಾರಲ್ಲಿ ಕೇಳಿದಿರಿ? ಗುಡ್ಡ ಬೀಳುವುದನ್ನು ಕಂಡು ನಮಗೆ ನೋವಾಗುತ್ತದೆ ಎಂದಿದ್ದರೆ ಗುಡ್ಡವನ್ನೇ ತೆಗೆಸುತ್ತಿದ್ದಿರಿ. ಗುಡ್ಡವನ್ನು ಉಳಿಸಿಕೊಂಡಿದ್ದೀರಿ, ಅದು ಈಗಲೂ ದಿನವೂ ಬೀಳುತ್ತಿದೆ, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದಾರೆ. ಕಡಿಯುವ ಕೈಯನ್ನು ಮಾತ್ರ ಮರೆಮಾಡಿದ್ದೀರಿ. ಅದು ಯಾರ ಭಾವನೆಗೆ ನೋವು ಮಾಡುತ್ತಿತ್ತು?

ಗೊಂದಲದ ಮಾತಿಗೆ ಬರೋಣ. ನನ್ನ ಸೋದರಸೊಸೆ ಪ್ರೇಕ್ಷಾ ಮಾಡಿದ್ದನ್ನು ನೆನೆಯಿರಿ. ಮಳೆ ಒಂದೇ, ಬುಡ ಒಂದೇ, ಎರಡೂ ಸೇರಿ, ಕೊನೆಗೆ ಲಾರಿಯಿಲ್ಲದೆ. ಯಾರೂ ಹೇಳಿಕೊಡದೆ, ಒಂದೊಂದನ್ನೇ ಬಿಡಿಸಿ ನೋಡಿದಳು. ವಿಜ್ಞಾನ ಎಂದರೆ ಇದಲ್ಲದೆ ಬೇರೇನಾದರೂ ನಿಮ್ಮ ಸುತ್ತೋಲೆಯಲ್ಲಿ ಇದ್ದರೆ ತಿಳಿಸಿ. ಎರಡು ಹಿಡಿಕೆಯಿದ್ದಾಗ ಅವಳಿಗೆ ಗೊಂದಲವಿರಲಿಲ್ಲ. ನೀವು ಒಂದನ್ನು ತೆಗೆದ ಮೇಲೆ ಗೊಂದಲ ಶುರುವಾಗಿದೆ. ಒಂದೇ ಗುಂಡಿಯಿರುವ ಪ್ರಯೋಗಕ್ಕೆ ಪ್ರಯೋಗ ಎನ್ನುವುದಿಲ್ಲ, ಪ್ರಚಾರ ಎನ್ನುತ್ತಾರೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಗುಡ್ಡ ಕಡಿದು ನೋಡು ಎಂದಿರಲಿಲ್ಲ, ನಿಜ. ಆದರೆ ಕಡಿದವರು ನೋಡಬೇಕಲ್ಲ?

ಮಳೆ ನಿರಪರಾಧಿ ಎಂದು ನಾನು ವಾದಿಸುತ್ತಿಲ್ಲ. ರಸ್ತೆ ಬೇಡವೆಂದೂ ಹೇಳುತ್ತಿಲ್ಲ. ಕಿಶೋರನ ಅನ್ನ ಆ ರಸ್ತೆಯ ಮೇಲೆಯೇ ಇತ್ತು. ಈ ಪತ್ರ ಬರೆಯುತ್ತೇನೆ ಎಂದಾಗ ಲತಾ ಹೇಳಿದ್ದು ಒಂದೇ: “ಬರೆ ಅಣ್ಣಾ. ಆದ್ರೆ ಮಳೀಗೆ ಬಯ್ಯೂಕೆ ಹೋಗ್ಬೇಡ. ಮಳೆಗಾಲ ಇಲ್ದೆ ಇದ್ರೆ ನಮ್ಮ ಒಣಮೀನು ಯಾರು ಕೊಳ್ತಿದ್ರು?” ಮಳೆ ಈ ಕರಾವಳಿಗೆ ಪ್ರತಿವರ್ಷ ಬರುತ್ತದೆ. ಅದಕ್ಕೆ ಮುನಿಸಿಲ್ಲ, ಕಚೇರಿಯಿಲ್ಲ, ತನ್ನ ಮೇಲೆ ಹೊರಿಸಿದ್ದನ್ನು ಅಲ್ಲಗಳೆಯುವ ವಕೀಲನಿಲ್ಲ. ಆದ್ದರಿಂದಲೇ ನಿಮಗೆ ಅದು ಅನುಕೂಲ.

ನೀವು ರಸ್ತೆ ಕಡಿದವರಲ್ಲ, ಅದು ನನಗೆ ಗೊತ್ತು. ನಿಮ್ಮ ಮೇಲೂ ಒಬ್ಬರಿದ್ದಾರೆ, ಅವರ ಮೇಲೂ ಒಬ್ಬರು. ಆದರೆ ಒಂದು ವಿಷಯ ನಿಮಗೆ ತಿಳಿದಿರಬೇಕು. ಕಾರಣವನ್ನು ಒಂದು ಕಡೆಯಿಂದ ಕಿತ್ತು ತೆಗೆದರೆ ಅದು ಗಾಳಿಯಲ್ಲಿ ಕರಗುವುದಿಲ್ಲ. ಹೊತ್ತುಕೊಳ್ಳುವವರು ಯಾರಾದರೂ ಸಿಗುವವರೆಗೆ ಅಲೆಯುತ್ತದೆ. ನೀವು ತೆಗೆಸಿದ ಹಿಡಿಕೆ ಸದ್ಯಕ್ಕೆ ಬಿಣಗಾದಲ್ಲಿ, ಐದನೆಯ ತರಗತಿಯ ಒಂದು ಮಗುವಿನ ಕೈಯಲ್ಲಿದೆ. ಹಳದಿ ಬೇಕು ಎಂದ ತನ್ನ ದನಿಯಿಂದಲೇ ಅಪ್ಪ ಸತ್ತ ಎಂದು ಅವಳು ಮತ್ತೆ ನಂಬತೊಡಗಿದ್ದಾಳೆ. ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ಯಾರ ಮಾತನ್ನೂ ನಂಬಬೇಡಿ ಎಂದು ಅವಳಿಗೆ ಕಲಿಸಿದವರು ನೀವೇ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಹಳೆಯ ಅಚ್ಚು, ಹಳೆಯ ಫಲಕ, ಎಡಗಡೆಯ ಹಿಡಿಕೆ, ಮೂರನ್ನೂ ಬರುವ ಮಳೆಗಾಲದ ಮೊದಲು ಇದ್ದಲ್ಲಿಗೆ ತರಿಸಿ. ಅದಾಗದಿದ್ದರೆ ಬಾಗಿಲಿನ ಮೇಲಿನ ಫಲಕವನ್ನೂ ಇಳಿಸಿ. ವೆಲ್ಡಿಂಗಿನವರ ವಿಳಾಸ ನಿಮ್ಮಲ್ಲಿದೆಯಲ್ಲ. ಹಿಡಿಕೆ ಬಂದ ದಿನ ನಾವು ಬರುತ್ತೇವೆ, ರಕ್ಷಿತಾಳನ್ನೂ ಕರೆತರುತ್ತೇವೆ. ನೀವು ಹಾರ ತುರಾಯಿ ಏನೂ ತರಬೇಕಿಲ್ಲ. ಪೆಟ್ಟಿಗೆಯ ಪಕ್ಕ ಸುಮ್ಮನೆ ನಿಲ್ಲಿ. ಪ್ರೇಕ್ಷಾ ನಿಮಗೂ ಮಾಡಿ ತೋರಿಸುತ್ತಾಳೆ. ಆಮೇಲೆ ನಾವು ಬಸ್ಸು ಹತ್ತುತ್ತೇವೆ. ಅವಳು ಯಾವ ಬದಿಗೆ ಕೂರುತ್ತಾಳೆ ಎಂಬುದನ್ನು ನಾನು ನೋಡಬೇಕು.

ಇಂತಿ,
ನೋವಾಗಬಾರದೆಂದು ನೀವು ಕಾಳಜಿ ವಹಿಸಿದ ಕುಟುಂಬದ ಪೈಕಿ ಒಬ್ಬ,
ಪ್ರೇಕ್ಷಾಳ ಮಾಮ,
ಬಿಣಗಾ