ಕಣದ ನಡುವಿನ ಒಂದು ಹಿಡಿ

ಲಿಂಗಿ ಅಕ್ಕಾ,

ನಿಮ್ಮನ್ನು ಹೀಗೆ ಕರೆಯುತ್ತಿರುವುದು ಇದೇ ಮೊದಲು. ಓದಿ ಹೇಳುತ್ತಿರುವ ಸುಮಿತಾ ಈಗ ನಿಮ್ಮ ಮುಖ ನೋಡುತ್ತಿರಬಹುದು. ಮುಂದೆ ಓದು ಅನ್ನಿ ಮಗಳಿಗೆ.

ಹದಿನಾಲ್ಕು ವರ್ಷ ನೀವು ನಮ್ಮ ಕಾಫಿ ಒಣಗಿಸುವ ಕಣ ನೋಡಿಕೊಂಡಿರಿ. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಆದರೂ ‘ಏ ಲಿಂಗಿ’ ಎಂದೇ ಕೂಗಿದೆ. ನೇರವಾಗಿ ಕೂಗಿದ್ದಾದರೂ ಎಷ್ಟು ಸಲ? ನಾನು ಲೆಕ್ಕ ಬರೆಯುವ ರೈಟರ್ ಸಾಂತಪ್ಪನವರಿಗೆ ಹೇಳಬೇಕು, ಅವರು ಮೇಸ್ತ್ರಿಗೆ, ಮೇಸ್ತ್ರಿ ನಿಮಗೆ. ಮಾತು ಇಳಿದು ಬರಲು ನಮ್ಮಲ್ಲಿ ಇಷ್ಟು ಮೆಟ್ಟಿಲುಗಳಿವೆ. ಹತ್ತಿ ಬರಲು ಒಂದೂ ಇರಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಲಾರಿ ಬಂದು ನಿಂತಿತ್ತು. ತೇವ ಅಳೆಯುವ ಹೊಸ ಮೀಟರ್ ನನ್ನ ಕೈಯಲ್ಲಿತ್ತು. ಕಣದ ಅಂಚಿನಿಂದ ಎರಡು ಹಿಡಿ ಕಾಫಿ ತೆಗೆದು ನೋಡಿದೆ, ಮೀಟರ್ ಒಣಗಿದೆ ಎಂದಿತು, ‘ತುಂಬಿಸಿ’ ಎಂದು ಹೇಳಿಕಳಿಸಿದೆ. ನೀವು ನಡುವಿನಿಂದ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ‘ಇನ್ನೂ ಗಲಗಲ ಅಂತಿಲ್ಲ, ಎರಡು ಬಿಸಿಲು ಬೇಕು, ಅಮ್ಮನಿಗೆ ಹೇಳಿ’ ಎಂದಿರಂತೆ. ಸಾಂತಪ್ಪನವರು ನನಗೆ ಹೇಳಲಿಲ್ಲ. ಆಮೇಲೆ ವಿಚಾರಿಸಿದಾಗ, ‘ಮೀಟರ್ ನಿಮ್ದು. ಅದು ಸುಳ್ಳು ಅಂತ ನಾನು ಬಂದು ಹೇಳೋದುಂಟಾ ಅಮ್ಮ?’ ಎಂದರು. ಸಿಟ್ಟು ಬಂತು. ಆದರೆ ಅವರು ಹೇಳಿದ್ದರೂ ನಾನು ಕೇಳುತ್ತಿದ್ದೆನೇ? ಇಲ್ಲ.

ಬೂಷ್ಟು ವಾಸನೆ ಎಂದು ಚೀಲಗಳು ವಾಪಸ್ ಬಂದ ಮರುದಿನ, ಬೆಳಗಿನ ಹಾಜರಿಯಲ್ಲಿ, ಎಲ್ಲರೆದುರು ನಿಮ್ಮನ್ನು ನಿಲ್ಲಿಸಿದೆ. ‘ನಾ ಹೇಳಿ ಕಳ್ಸಿದ್ದೆ ಅಮ್ಮ’ ಎಂದಷ್ಟೇ ನೀವು ಅಂದದ್ದು. ಅದಕ್ಕೆ ನಾನು ಅಂದದ್ದು ನನಗೆ ಬಾಯಿಪಾಠವಾಗಿದೆ: ‘ಮೀಟರ್‌ಗಿಂತ ಹೆಚ್ಚು ಗೊತ್ತಿದ್ದರೆ ಇಲ್ಲಿ ಯಾಕಿದ್ದೀಯ?’

ಮುಂದಿನ ಭಾನುವಾರ ನಿಮ್ಮನ್ನು ಕರೆದೊಯ್ಯಲು ಪಾಲಿಬೆಟ್ಟದ ಕಡೆಯ ಬೇರೊಂದು ಎಸ್ಟೇಟಿನ ಜೀಪು ಬಂತು. ಕೆಲಸದವರ ಸಾಲಿನ ನಿಮ್ಮ ಲೈನ್ ಮನೆಯ ಬಾಗಿಲಿಗೆ ನೀವು ಬೀಗ ಹಾಕಿ, ಬೀಗದ ಕೈಯನ್ನು ಆಫೀಸಿನ ಕಿಟಕಿಯಲ್ಲಿ ಇಟ್ಟು ಹೋದಿರಿ.

ಹೋದ ವಾರ ಕುಶಾಲನಗರದ ಹೋಟೆಲೊಂದರಲ್ಲಿ ಬೆಳೆಗಾರರಿಗೆ ತರಬೇತಿ ಇತ್ತು, ಒಳ್ಳೆಯ ಕೆಲಸಗಾರರನ್ನು ಉಳಿಸಿಕೊಳ್ಳುವುದು ಹೇಗೆ ಎಂದು. ಕೂಲಿ, ಮನೆ, ಬೋನಸ್ ಎಂದೆಲ್ಲ ನಾವು ಹೇಳಿದೆವು. ಪಾಠ ಮಾಡುವಾಕೆ ಕೊನೆಗೆ ಕೇಳಿದಳು, ‘ನಿಮ್ಮನ್ನು ಬಿಟ್ಟುಹೋದ ಅತ್ಯುತ್ತಮ ಕೆಲಸಗಾರರಿಗೆ ನೀವು ಕೊನೆಯದಾಗಿ ಹೇಳಿದ ಮಾತೇನು? ಬರೆಯಿರಿ.’ ಬರೆದೆ. ಕಾಗದ ಮಡಚಿ ಪರ್ಸಿನಲ್ಲಿಟ್ಟುಕೊಂಡು, ಊಟಕ್ಕೂ ನಿಲ್ಲದೆ ಮನೆಗೆ ಬಂದೆ.

ಸೋಮವಾರ ಹಾಜರಿಯ ಹೊತ್ತಿಗೆ, ನಿಮ್ಮನ್ನು ನಿಲ್ಲಿಸಿದ ಅದೇ ಜಾಗದಲ್ಲಿ ನಾನು ನಿಂತೆ. ಲಿಂಗಿ ಹೇಳಿದ್ದು ಸರಿ, ತಪ್ಪು ನನ್ನದು ಎಂದೆ. ಎಸ್ಟೇಟಿನ ಇನ್ನೊಬ್ಬ ಪಾಲುದಾರರಾದ ಬೆಳ್ಯಪ್ಪ ಮಾವ ಸಂಜೆಯೇ ಬಂದರು. ‘ಕೆಲಸದವರ ಹತ್ರ ತಪ್ಪಾಯ್ತು ಅನ್ನೋದಾ? ನೋಡ್ತಾ ಇರು, ನಾಳೆ ನಿನ್ನನ್ನೇ ಪಿಕ್ಕಿಂಗ್‌ಗೆ ಕಳಿಸ್ತಾರೆ!’ ‘ಕಳಿಸಲಿ ಮಾವ, ಒಂದು ಚೀಲ ತುಂಬೋದಕ್ಕೆ ಎಷ್ಟು ಬೆನ್ನು ನೋಯುತ್ತೆ ಅಂತ ಆಗ್ಲಾದ್ರೂ ಗೊತ್ತಾಗುತ್ತೆ’ ಎಂದೆ. ಅವರು ಕಾಫಿ ಕುಡಿಯದೇ ಎದ್ದರು. ನಿಮಗೆ ಪತ್ರ ಬರೆಯುತ್ತೇನೆ ಎಂದದ್ದಕ್ಕಂತೂ, ‘ಮರ್ಯಾದೆ ಕಳೀಬೇಡ’ ಎಂದು ಗೇಟಿನಿಂದಲೇ ಕೂಗಿದರು. ಅಕ್ಕಾ, ನಮ್ಮ ಮರ್ಯಾದೆ ಹೋದದ್ದು ಕಳೆದ ಫೆಬ್ರವರಿಯಲ್ಲಿ. ಈಗ ಕಳೆದುಕೊಳ್ಳಲು ಏನೂ ಉಳಿದಿಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇನ್ನು ಮೇಲೆ ಕಣ ನೋಡಿಕೊಳ್ಳುವವರು ‘ಇನ್ನೂ ಒಣಗಿಲ್ಲ, ಬೇಡ’ ಅಂದರೆ ನಮ್ಮಲ್ಲಿ ಚೀಲ ಹೊಲಿಯುವುದಿಲ್ಲ. ಲಾರಿ ಕಾಯಲಿ, ಮಾವ ಕೂಗಲಿ. ಬೇಡ ಎನ್ನುವವರು ರೈಟರನ್ನು ಹುಡುಕಬೇಕಾಗಿಲ್ಲ, ನೇರ ನನ್ನ ಬಾಗಿಲಿಗೆ ಬರಬಹುದು. ಸಾಂತಪ್ಪನವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ ಅವರೇ ಬಂದು, ಮೇಲಿನ ತೋಟದ ಪೈಪು ಹಾಳಾಗಿ ತಿಂಗಳಾಯಿತು ಎಂದರು! ಅದನ್ನೂ ಯಾರೂ ನನಗೆ ಹೇಳಿರಲಿಲ್ಲ. ಇನ್ನೂ ಏನೇನು ನನ್ನ ಕಿವಿಗೆ ಬಿದ್ದಿಲ್ಲವೋ.

ನೀವು ವಾಪಸ್ ಬಂದರೆ ಕಣದ ಮೇಸ್ತ್ರಿಯಾಗಿ ಬರಬೇಕು, ಮೇಸ್ತ್ರಿಯ ಸಂಬಳಕ್ಕೆ. ಬರಲೇಬೇಕು ಎಂದು ಕೇಳುವ ಹಕ್ಕು ನನಗಿಲ್ಲ. ‘ಇಲ್ಲಿ ಯಾಕಿದ್ದೀಯ’ ಎಂದವಳೇ ಈಗ ‘ಅಲ್ಲಿ ಯಾಕಿದ್ದೀರಿ’ ಎಂದು ಕೇಳಬಾರದು. ನೀವು ಬರದಿದ್ದರೂ ಈ ನಿಯಮ ಇರುತ್ತದೆ. ಇದು ನಿಮ್ಮನ್ನು ಕರೆಸಿಕೊಳ್ಳಲು ಮಾಡಿದ ಆಟವಲ್ಲ.

ಪತ್ರದ ಜೊತೆ ಪೊಟ್ಟಣವೊಂದಿದೆ. ಈ ವರ್ಷದ ಕಾಫಿ, ಕಣದ ನಡುವಿನಿಂದಲೇ ತೆಗೆದದ್ದು. ಮೀಟರ್ ಒಣಗಿದೆ ಎನ್ನುತ್ತಿದೆ. ನಾನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ನನ್ನ ಕಿವಿಗೆ ಎಲ್ಲವೂ ಒಂದೇ ಥರ ಕೇಳುತ್ತದೆ. ನೀವೊಮ್ಮೆ ಅಲ್ಲಾಡಿಸಿ ನೋಡಿ. ಬರುವ ಮನಸ್ಸಿಲ್ಲದಿದ್ದರೆ ಬೇಡ, ಇನ್ನೆಷ್ಟು ಬಿಸಿಲು ಬೇಕು ಎಂಬುದನ್ನಷ್ಟೇ ಸುಮಿತಾಳ ಫೋನಿನಿಂದ ಹೇಳಿ. ಅಲ್ಲಿಯವರೆಗೆ ಒಂದು ಚೀಲವನ್ನೂ ಹೊಲಿಯುವುದಿಲ್ಲ.

ಎಲ್ಲಿದ್ದರೂ ನಿಮ್ಮ ಮಾತು ಕೇಳುವವರ ನಡುವೆಯೇ ಇರಿ.

ಕಾಯುತ್ತಿರುವ,
ಮಾಲತಿ