ಬೂಷ್ಟು ಹಿಡಿದ ಹುಲ್ಲಿಗೆ ‘ಉತ್ತಮ’ ಎಂಬ ಬಿರುದು

ನಮ್ಮ ಬಣವೆಗೆ ಮುದ್ರೆ ಒತ್ತಿಸಿದ ಮಾನ್ಯ ಮೇವು ಸಂರಕ್ಷಣಾಧಿಕಾರಿಗಳೇ,

ತಮ್ಮ ಕಡತದಲ್ಲಿ ‘ಉತ್ತಮ’ ಎಂದು ದಾಖಲಾಗಿರುವ ನಮ್ಮ ಕ್ಲೋವರ್ ಹುಲ್ಲು ಕೊಳೆತುಹೋಗಿದೆ. ಆ ಒಂದು ಪದದಿಂದಾಗಿ ನಮಗೆ ಬೇರೆ ಮೇವು ಸಿಗುತ್ತಿಲ್ಲ. ಕೊಟ್ಟಿಗೆಯಲ್ಲಿರುವ ಕಪ್ಪು ಹಸು ಇನ್ನು ಮೂರು ವಾರಕ್ಕೆ ಕರು ಹಾಕಬೇಕು. ಹಳೆಯ ಒಳ್ಳೆಯ ಹುಲ್ಲು ನಾಲ್ಕು ದಿನಕ್ಕಾಗುವಷ್ಟಿದೆ.

ನಡೆದದ್ದನ್ನು ನಿವೇದಿಸಿಕೊಳ್ಳುತ್ತೇನೆ. ಕೊಟ್ಟಿಗೆ ನಮ್ಮ ಅತ್ತೆಯದು, ಅಂದರೆ ನಮ್ಮಪ್ಪನ ತಂಗಿಯದು. ಕ್ಲೋವರ್ ಮೋಸದ ಮೇವು. ಮೂರು ಮೂರಾಗಿ ಬಿಡುವ ಅದರ ಎಲೆ ಒಣಗಿ ಗರಿಗರಿಯಾದರೂ ದಂಟು ಒಳಗೇ ಹಸಿ ಇಟ್ಟುಕೊಂಡಿರುತ್ತದೆ. ಅದಕ್ಕೇ ಅತ್ತೆ ಒಂದು ಹಿಡಿ ದಂಟನ್ನು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿ ನೋಡುತ್ತಾಳೆ. ಅಂಗೈಗೆ ಪಸೆ ತಾಗಿದರೆ ಬಣವೆ ಒಟ್ಟುವುದಿಲ್ಲ. ತಮ್ಮ ಪರಿವೀಕ್ಷಕರು ಅಳತೆಪಟ್ಟಿ ಹಿಡಿದು ಬಂದ ದಿನ ಪಸೆ ತಾಗಿತ್ತು.

“ಇನ್ನೆರಡು ದಿನ ಬಿಡಿ ಸಾರ್, ಒಳಗೆ ಹಸಿ ಇದೆ.”

“ಅಳತೆ ದಿನಾಂಕ ಇವತ್ತು ಕಣಮ್ಮ. ಹುಲ್ಲನ್ನ ಕೇಳ್ಕೊಂಡು ದಿನಾಂಕ ಇಡೋಕಾಗುತ್ತಾ?”

ಒಟ್ಟಿಸಿದರು, ಅಳೆದರು, ‘ಉತ್ತಮ’ ಎಂದು ಬರೆದರು. ಗಾಳಿಯೂ ನುಸುಳದಂತೆ ಪ್ಲಾಸ್ಟಿಕ್ ಹೊದಿಸಿ, ಹಗ್ಗ ಬಿಗಿದು, ಅರಗಿನ ಮುದ್ರೆ ಒತ್ತಿದರು. ತಾವು ಬಂದು ನೋಡುವ ತನಕ ಬಿಚ್ಚುವಂತಿಲ್ಲ. ತಾವು ಬರಲಿಲ್ಲ.

ಹತ್ತನೇ ದಿನ ನಾನು ಪ್ಲಾಸ್ಟಿಕ್ಕಿನ ಅಡಿಯಿಂದ ಕಬ್ಬಿಣದ ಸಲಾಕೆ ತೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಎಳೆದೆ. ಹಸಿ ಹುಲ್ಲು ಒಳಗೇ ಕಾವೇರಿ, ಸಲಾಕೆ ಒಲೆಯಿಂದ ತೆಗೆದಂತಿತ್ತು. ತಮ್ಮ ಇಲಾಖೆ ಮೇವನ್ನು ಸಂರಕ್ಷಿಸುತ್ತಿತ್ತೋ, ಬೇಯಿಸುತ್ತಿತ್ತೋ? ಸುಟ್ಟ ಅಂಗೈಯನ್ನೇ ದಾಖಲೆಯಾಗಿ ಹೊತ್ತು ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕನ್ನಡಕ ಮೇಲೇರಿಸಿದರು.

“ಹೋದ ವರ್ಷ ನಮ್ಮ ದೂರು ಪೆಟ್ಟಿಗೇಲಿ ಕಪ್ಪೆ ಬಿಟ್ಟೋನು ನೀನೇ ಅಲ್ವೇನೋ?”

“ಹೌದು ಸಾರ್. ಆದ್ರೆ ಇದು ನಿಜ.”

“ಕಪ್ಪೇನೂ ನಿಜವಾದದ್ದೇ ಆಗಿತ್ತು. ನಡಿ ನಡಿ.”

ಕಪ್ಪೆಯ ಅಪರಾಧವನ್ನು ಈ ಮೂಲಕ ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ. ಅದರ ಶಿಕ್ಷೆಯನ್ನು ಹಸು ಅನುಭವಿಸಬೇಕೆಂಬುದು ಯಾವ ನಿಯಮ?

ಮೊನ್ನೆ ಬಿಚ್ಚಲು ಅಪ್ಪಣೆ ಅಂಚೆಯಲ್ಲಿ ಬಂತು. ಬಿಚ್ಚಿದರೆ ಒಳಗೆಲ್ಲ ಕಂದು, ಅದರ ಮೇಲೆ ಬಿಳಿ ಬೂಷ್ಟು. ಪಶುವೈದ್ಯೆ ಹತ್ತಿರದಿಂದ ಮೂಸಿ ಹಿಂದೆ ಸರಿದರು. “ಸಿಹಿ ಕ್ಲೋವರ್ ಇದು. ಬೂಷ್ಟು ಹಿಡಿದ್ರೆ ತಿಂದ ಹಸೂಗೆ ರಕ್ತ ಹೆಪ್ಪುಗಟ್ಟಲ್ಲ. ಗಬ್ಬದ ಹಸೂಗೆ ಒಂದು ಹಿಡೀನೂ ಹಾಕ್ಬೇಡಿ ಅಮ್ಮಾ, ಕರು ಹಾಕುವಾಗ ಉಳಿಸ್ಕೊಳ್ಳೋಕಾಗಲ್ಲ.”

ತಮ್ಮ ಉಗ್ರಾಣಕ್ಕೆ ಓಡಿದೆ. ‘ಉತ್ತಮ ದಾಸ್ತಾನು ಇದ್ದವರಿಗೆ ಮೇವು ಇಲ್ಲ’ ಎಂದರು. ಅಕ್ಕಪಕ್ಕದವರ ಬಣವೆಗಳೆಲ್ಲ ತಮ್ಮ ಮುದ್ರೆಯೊಳಗೇ ಇವೆ. ಕೊಯ್ದ ಹೊಲದಲ್ಲಿ ಕೂಳೆ ಬಿಟ್ಟರೆ ಏನೂ ಇಲ್ಲ. ಮರುಪರಿಶೀಲನೆಗೆ ಅರ್ಜಿ ಹಾಕಿದ್ದಕ್ಕೆ ಎರಡು ತಿಂಗಳ ಆಚೆಯ ದಿನಾಂಕ ದಯಪಾಲಿಸಿದ್ದೀರಿ. ಅಲ್ಲಿಯವರೆಗೆ ಕರುವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುವಂತೆ ಹಸುವಿಗೆ ಸುತ್ತೋಲೆ ಕಳಿಸುತ್ತೀರಾ?

ನಿನ್ನೆಯಿಂದ ಅತ್ತೆ ಅರ್ಧರ್ಧ ಹುಲ್ಲು ಹಾಕುತ್ತಿದ್ದಾಳೆ. ಹಸು ಗೋದಲಿ ನೆಕ್ಕಿ ಮುಗಿಸಿ, ಹೊರಗಿನ ಕೊಳೆತ ಬಣವೆಯ ಕಡೆ ಕತ್ತು ಚಾಚಿ ಕೂಗುತ್ತದೆ. ಕೊಳೆತರೂ ಅದರ ವಾಸನೆ ಸಿಹಿ. ಅತ್ತೆ ಬಾಗಿಲು ಮುಚ್ಚುತ್ತಾಳೆ.

ನಾಲ್ಕು ದಿನದೊಳಗೆ ಯಾರನ್ನಾದರೂ ಕಳಿಸಿ ಆ ‘ಉತ್ತಮ’ದ ಮೇಲೊಂದು ಗೆರೆ ಎಳೆಸಿ. ಅದಾಗದಿದ್ದರೆ ಐದನೇ ದಿನ ಬೆಳಗ್ಗೆ ಗೋದಲಿಗೆ ಏನು ಹಾಕಬೇಕೆಂದು ಲಿಖಿತವಾಗಿ ತಿಳಿಸಿ: ವಿಷವನ್ನೋ, ಏನೂ ಇಲ್ಲದ್ದನ್ನೋ? ಅತ್ತೆ ಅದನ್ನು ನನ್ನನ್ನು ಕೇಳುತ್ತಿದ್ದಾಳೆ.

ಇಂತಿ,
ಉತ್ತರ ಹೊಳೆಯದೆ, ಅತ್ತೆಯ ಕಣ್ಣು ತಪ್ಪಿಸಿ ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿರುವ
ಅವಳ ಅಣ್ಣನ ಮಗ