ಹಾಲಿನ ನಂಟಿಗೆ ನಿಯಮವಿರಲಿಲ್ಲ

ತೂಗೂರು, ಶಕ ೨೨೯೭, ನಮ್ಮ ಹೊಸ ಪಂಚಾಂಗದ ಹದಿನಾಲ್ಕನೆಯ ತಿಂಗಳ ನಲವತ್ತನೆಯ ದಿನ

ನಾನು ಗುರುಸಿದ್ಧವ್ವ. ತುಂಗಭದ್ರೆಯ ಮೇಲೆ ಹಗ್ಗಗಳಲ್ಲಿ ತೂಗುವ ಈ ಊರಿನ ಏಳು ಮನೆಗಳನ್ನು ಮೂವತ್ತೊಂದು ವರ್ಷ ಹಿರಿಯಳಾಗಿ ನಡೆಸಿದವಳು. ಹತ್ತನೆಯ ತರಗತಿ ಪಾಸಾದವಳು. ನಾನು ಒಂದು ಮಾತನ್ನು ಎರಡು ಸಲ ಹೇಳಿದ್ದಿಲ್ಲ. ನಮ್ಮ ಕಾಲದ ಕೆಲವು ಪದಗಳು ನಿಮಗೆ ಒಗ್ಗಲಿಕ್ಕಿಲ್ಲ. ಕ್ಷಮಿಸಿ, ಆದರೆ ಓದಿ. ಯಂತ್ರಗಳಿಗೆ ಮೊದಲ ನಿಯಮಗಳನ್ನು ಬರೆಯುತ್ತಿರುವವರು ಶತಮಾನಗಳ ಹಿಂದಿನ ನೀವೇ.

ಇಲ್ಲಿ ಮನೆ ನಡೆಯುವುದು ಮಾದರಿಯಿಂದ. ಯಾರು ಯಾರಿಗೆ ಏನಾಗಬೇಕು, ಯಾವ ಬಾಗಿಲು ಯಾರಿಗೆ ತೆರೆಯಬೇಕು, ಯಾವ ನಲ್ಲಿ ಯಾರ ಕೈಗೆ ನೀರು ಬಿಡಬೇಕು ಎಂದು ಯಂತ್ರಕ್ಕೆ ಬರೆದುಕೊಟ್ಟ ನಕ್ಷೆಯೇ ಮಾದರಿ. ಹನ್ನೆರಡು ವರ್ಷಕ್ಕೊಮ್ಮೆ ಹಳೆಯದನ್ನು ಹೊಸ ಬಗೆಗೆ ಪರಿವರ್ತಿಸುತ್ತೇವೆ. ಹಳೆಯದರಲ್ಲಿರುವ ಒಂದೊಂದೂ ಹೊಸದರಲ್ಲಿ ಏನಾಗಬೇಕೆಂದು ಒಂದೊಂದು ನಿಯಮ ಬರೆಯಬೇಕು. ಆ ಕೆಲಸ ನನ್ನ ಸೊಸೆ ರುದ್ರಾಣಿಯದು, ಒಪ್ಪಿಗೆ ನನ್ನದು.

ಈ ಸಲದ ಪರಿವರ್ತನೆಯನ್ನು ಯಂತ್ರದಲ್ಲಿ ಓಡಿಸುವ ಮುಂಚೆ ಅವಳು ಕೇಳಿದಳು: “ಅತ್ತೀ, ನಿಯಮ ಇಲ್ಲದ್ದು ಸಿಕ್ರ ಯಂತ್ರ ನಿಂತು ನಿಮ್ಮನ್ನ ಕೇಳ್ಬೇಕೋ, ಬಿಟ್ಟು ಮುಂದ ಹೋಗ್ಬೇಕೋ?”

“ನನ್ನ ಮನ್ಯಾಗ ನಿಯಮ ಇಲ್ಲದ್ದು ಏನೈತವಾ? ಬಿಟ್ಟು ಹೋಗ್ಲಿ.”

ಅರ್ಧ ಗಳಿಗೆಯಲ್ಲಿ ಮುಗಿಯಿತು. ಯಂತ್ರ ಒಂದು ತಪ್ಪನ್ನೂ ತೋರಿಸಲಿಲ್ಲ. ಊರಿಗೆಲ್ಲ ಬೆಲ್ಲ ಹಂಚಿಸಿದೆ.

ಹಂಪವ್ವ ನನ್ನ ಹಾಲುತಂಗಿ. ಅವಳ ತಾಯಿ ಹೆರಿಗೆಯಲ್ಲಿ ತೀರಿಕೊಂಡಾಗ ನನ್ನ ಅವ್ವ ಇಬ್ಬರಿಗೂ ಹಾಲೂಡಿಸಿದಳು. ಹಳೆಯ ಮಾದರಿಯಲ್ಲಿ ಹಾಲಿನ ನಂಟಿಗೊಂದು ಗೆರೆಯಿತ್ತು. ಹೊಸದಕ್ಕೆ ರಕ್ತ, ಮದುವೆ ಎರಡೇ ಗೊತ್ತು. ನಿಯಮವಿಲ್ಲದ ಗೆರೆ ಉದುರಿತು. ಅದಕ್ಕೆ ಜೋತಿದ್ದ ಹಂಪವ್ವನೂ ಉದುರಿದಳು. ಕೌದಿ ಹೊಲಿಯಲು ಕೆಳಗಿನ ಊರಿಗೆ ಹೋಗಿದ್ದವಳು ಐದು ತಿಂಗಳ ಮೇಲೆ ಮರಳಿದಾಗ ಬಾಗಿಲು ತೆರೆಯಲಿಲ್ಲ; ಒಳಗಿನಿಂದ ನಾನು ಹೇಳಿದರೂ ಕೇಳಲಿಲ್ಲ.

“ಅರವತ್ತ್ ವರ್ಷ ಈ ಹೊಸ್ತಿಲಾ ತುಳದೀನಿ. ಈಗ ಇದು ‘ಯಾರು ನೀವು’ ಅಂತೈತಿ. ಬಾಗ್ಲಿಗೂ ನಿನ್ನ ಸೊಕ್ಕು ಹತ್ತೇತಿ ನೋಡಕ್ಕಾ!” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನಿಯಮ ಸೇರಿಸಿ ಮತ್ತೆ ಓಡಿಸು ಎಂದು ರುದ್ರಾಣಿಗೆ ಹೇಳಿದೆ. ಮತ್ತೆ ಓಡಿಸಿದರೆ ಹೊಸ ಮಾದರಿ ಮೊದಲಿನಿಂದ ಹುಟ್ಟುತ್ತದೆ, ಈಚೆಗೆ ಕೈಯಿಂದ ಸೇರಿಸಿದ್ದೆಲ್ಲ ಅಳಿಯುತ್ತದೆ ಎಂದಳು. ಸೇರಿಸಿದ್ದು ಹನ್ನೊಂದು ಕೂಸುಗಳನ್ನು. ಯಾರ ಗುರುತನ್ನಾದರೂ ಹುಟ್ಟಿದ ಗಳಿಗೆಯಲ್ಲಷ್ಟೇ ತೆಗೆಯಲು ಬರುತ್ತದೆ, ಎರಡನೆಯ ಸಲವಿಲ್ಲ; ಹಾಗಾಗಿ ಹಂಪವ್ವನನ್ನು ಕೈಯಿಂದ ಸೇರಿಸುವಂತೆಯೂ ಇರಲಿಲ್ಲ. ಸುದ್ದಿ ತಿಳಿದು ಹನ್ನೊಂದು ಬಾಣಂತಿಯರು ಕೂಸುಗಳನ್ನೆತ್ತಿಕೊಂಡು ಬಂದು ನನ್ನ ಅಂಗಳದಲ್ಲಿ ಕೂತರು. ಮತ್ತೆ ಓಡಿಸುವುದನ್ನು ಕೈಬಿಟ್ಟೆ. ಹಂಪವ್ವ ಎಂಟು ದಿನ ಹೊರಗಿನ ಕಟ್ಟೆಯ ಮೇಲೆ ಮಲಗಿದಳು. ಕಿಟಕಿಯಿಂದ ಚೊಂಬಿನಲ್ಲಿ ನೀರು ಕೊಟ್ಟೆ. ಏಳು ಮನೆಯ ಯಜಮಾನಿಯಿಂದ ಆದದ್ದು ಅಷ್ಟೇ.

ನಿಮ್ಮನ್ನು ಕೇಳುವುದಿಷ್ಟು. ಯಂತ್ರ ನಿಂತು ಕೇಳಲಿ. ನೂರು ಸಲ ಕೇಳಿದರೂ ಉತ್ತರ ಕೊಡಿ. ಅದರಿಂದ ಯಾರ ದೊಡ್ಡಸ್ತಿಕೆಯೂ ಕುಂದುವುದಿಲ್ಲ.

ಮಾದರಿಯಲ್ಲಿ ಹಿರಿಯಳಿಗೊಂದು ಅಧಿಕಾರವಿದೆ. ಬದುಕಿರುವಾಗಲೇ ತನ್ನ ಸ್ಥಾನದಲ್ಲಿ ಇನ್ನೊಬ್ಬರ ಮುಖವನ್ನು ಇಡಬಹುದು. ಇಟ್ಟವಳು ಹೊರಗಾಗುತ್ತಾಳೆ, ಹಿಂದಕ್ಕೆ ಪಡೆಯುವಂತಿಲ್ಲ. ಈ ಬೆಳಿಗ್ಗೆ ಹಂಪವ್ವನ ಮುಖವನ್ನಿಟ್ಟೆ, ಅವಳಿಗೂ ತಿಳಿಸದೆ. ಬಾಗಿಲು ಅವಳನ್ನು ನನ್ನ ಹೆಸರಿನಿಂದ ಕರೆದು ಒಳಗೆ ಬಿಟ್ಟುಕೊಂಡಿತು. ಈ ಕಾಗದವನ್ನು ಕಟ್ಟೆಯ ಮೇಲೆ ಕೂತು ಬರೆದಿದ್ದೇನೆ.